ಸಂಶೋಧನಾ ಲೇಖನದ ಪೀಠಿಕೆ ಬರೆಯುವುದು ಹೇಗೆ: ವಾಪಸ್ ಬಂದ ಪ್ರತಿ ಹಿಡಿದು ಕೂತವರಿಗೆ ಹಂತ ಹಂತದ ಮಾರ್ಗದರ್ಶಿ

ಚಿಕ್ಕಬಳ್ಳಾಪುರ, ಕೋಲಾರ ಕಡೆಯ ಎಂ.ಎ., ಪಿಎಚ್.ಡಿ. ವಿದ್ಯಾರ್ಥಿಗಳು ಆಗಾಗ ತಮ್ಮ ಬರಹ ತಂದು ನನಗೆ ತೋರಿಸುತ್ತಾರೆ. ಎಲ್ಲರದ್ದೂ ಒಂದೇ ತೊಂದರೆ. ಒಳಗಿನ ಕೆಲಸ ಚೆನ್ನಾಗಿರುತ್ತದೆ. ಊರೂರು ಸುತ್ತಿರುತ್ತಾರೆ, ಜನರ ಹತ್ತಿರ ಕೂತು ಮಾತಾಡಿರುತ್ತಾರೆ, ಟಿಪ್ಪಣಿ ಪುಸ್ತಕ ತುಂಬಿರುತ್ತದೆ. ಆದರೆ ಪೀಠಿಕೆ ಓದಿದ ಮಾರ್ಗದರ್ಶಕರು ಕಾಗದ ವಾಪಸ್ ಕೊಡುತ್ತಾರೆ. "ಇನ್ನೊಂದ್ಸಲ ಬರೀರಿ" ಅನ್ನುತ್ತಾರೆ ಅಷ್ಟೆ. ಏನು ತಪ್ಪಾಗಿದೆ ಅಂತ ಗೊತ್ತಾಗದೆ ವಿದ್ಯಾರ್ಥಿಗಳು ಕಾಗುಣಿತ ತಿದ್ದುತ್ತಾ ಕೂರುತ್ತಾರೆ. ಅದೇ ಪೀಠಿಕೆ ಮತ್ತೆ ಹೋಗುತ್ತದೆ, ಮತ್ತೆ ಬರುತ್ತದೆ.

ನನ್ನದೂ ಮೂರು ಸಲ ವಾಪಸ್ ಬಂದಿತ್ತು. ನನ್ನ ವಿಷಯ ಶಿಡ್ಲಘಟ್ಟ ಸೀಮೆಯ ರೇಷ್ಮೆ ಬೆಳೆಗಾರರ ಪದಗಳು. ಮೂರನೇ ಸಲ ನನ್ನ ಮಾರ್ಗದರ್ಶಕರಾದ ಮೇಡಂ ಮೊದಲ ಪುಟದ ಅಂಚಿನಲ್ಲಿ ಪೆನ್ಸಿಲ್‌ನಿಂದ ಒಂದೇ ಪದವನ್ನು ಆರು ಕಡೆ ಬರೆದಿದ್ದರು: "ಯಾಕೆ?" ಭಾಷೆಯ ಬಗ್ಗೆ ಒಂದು ಗೆರೆಯನ್ನೂ ಎಳೆದಿರಲಿಲ್ಲ. ಆ ಆರು 'ಯಾಕೆ'ಗಳಿಗೆ ಉತ್ತರ ಹುಡುಕುತ್ತಾ ಹೋದಾಗ ಬರಹ ಪ್ರಕಾರಗಳ (ಅರ್ಜಿ, ಪತ್ರ, ಲೇಖನ ಇಂಥವುಗಳ) ಬಗೆಗಿನ ಸಿದ್ಧಾಂತ ನನ್ನ ಕೈಗೆ ಬಂತು. ಅದನ್ನು ಓದಿ ನಾನು ಕಲಿತದ್ದನ್ನು ಕೆಲಸದ ಕ್ರಮವಾಗಿ ಇಲ್ಲಿ ಬರೆಯುತ್ತಿದ್ದೇನೆ. ದಿನಕ್ಕೆ ಎರಡು ಗಂಟೆ ಕೊಟ್ಟರೆ ಹತ್ತು ದಿನದಲ್ಲಿ ಮುಗಿಯುತ್ತದೆ.

## ಎಡವುವುದು ಎಲ್ಲಿ

ಕನ್ನಡದಲ್ಲಿ 'ಪ್ರಬಂಧ' ಅನ್ನುವ ಒಂದು ಪದಕ್ಕೆ ನಾವು ಬಹಳ ಹೊರೆ ಹೊರಿಸಿದ್ದೇವೆ. ಹೈಸ್ಕೂಲಿನಲ್ಲಿ 'ಗ್ರಂಥಾಲಯದ ಮಹತ್ವ' ಅಂತ ಬರೆದದ್ದೂ ಪ್ರಬಂಧ. ಲಲಿತವಾಗಿ ಮನಸ್ಸು ಹರಿದ ಕಡೆ ಬರೆಯುವುದೂ ಪ್ರಬಂಧ. ಪಿಎಚ್.ಡಿ.ಗೆ ಒಪ್ಪಿಸುವುದು ಮಹಾಪ್ರಬಂಧ. ಮೂರಕ್ಕೂ ಹೆಸರು ಒಂದೇ. ಆದರೆ ಓದುವವರು ಬೇರೆ, ಓದುವ ಕಾರಣ ಬೇರೆ.

'ಪೀಠಿಕೆ'ಯ ಕತೆಯೂ ಹೀಗೇ. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಅಂತ ಎಸ್ಸೆಸ್ಸೆಲ್ಸಿಗೆ ಬಾಯಿಪಾಠ ಮಾಡಿದ್ದೆವು, ಅಲ್ವಾ? ಅಲ್ಲಿ ಪೀಠಿಕೆ ಅಂದರೆ ವಿಷಯವನ್ನು ಹೊಗಳಿ ಒಳಗೆ ಕರೆದುಕೊಂಡು ಹೋಗುವುದು. ಸಂಶೋಧನೆಯ ಪೀಠಿಕೆಗೆ ಬೇರೆ ಕೆಲಸ ಇದೆ. ಈ ಅಧ್ಯಯನ ಯಾಕೆ ಬೇಕಿತ್ತು ಅಂತ ಅದು ಓದುಗರನ್ನು ಒಪ್ಪಿಸಬೇಕು. ನಾವು ಹೈಸ್ಕೂಲಿನ ಪೀಠಿಕೆಯನ್ನೇ ದೊಡ್ಡ ಪದ ಹಾಕಿ ಬರೆಯುತ್ತಿರುತ್ತೇವೆ. ಮೇಡಂ 'ಯಾಕೆ' ಅಂತ ಕೇಳಿದ್ದು ಅದಕ್ಕೇ.

## ಬೇಕಾದ ಸಾಮಾನು

ಐದು ಮಾದರಿ ಲೇಖನಗಳ ಪ್ರಿಂಟ್ ಬೇಕು. ಮೊಬೈಲ್‌ನಲ್ಲಿ ಓದಿದರೆ ಸಾಲದು, ಗೆರೆ ಹಾಕಲು ಕಾಗದವೇ ಬೇಕು. ಮೂರು ಬಣ್ಣದ ಪೆನ್ಸಿಲ್: ಹಸಿರು, ಕೆಂಪು, ನೀಲಿ. ಒಂದು ನೋಟ್‌ಬುಕ್. ನಿಮ್ಮ ವಾಪಸ್ ಬಂದ ಪ್ರತಿ. ಮಹಾಪ್ರಬಂಧಗಳನ್ನು ನೋಡಲು ಶೋಧಗಂಗಾ ತಾಣ, ಅಲ್ಲಿ ದುಡ್ಡಿಲ್ಲದೆ ಓದಬಹುದು.

ಟೈಪ್ ಮಾಡುವವರಿಗೆ ಒಂದು ಮಾತು. ಶುರುವಿನಿಂದಲೇ ಯೂನಿಕೋಡ್‌ನಲ್ಲಿ ಟೈಪ್ ಮಾಡಿ. ಹಳೆಯ ನುಡಿ ಫಾಂಟಿನ ಕಡತದೊಳಗೆ ಯೂನಿಕೋಡ್ ಪದ ಹಾಕಿ ಹುಡುಕಲು ಆಗುವುದಿಲ್ಲ. ಬೇರೆ ಕಂಪ್ಯೂಟರ್‌ನಲ್ಲಿ ಆ ಫಾಂಟ್ ಇಲ್ಲದಿದ್ದರೆ ಅಕ್ಷರವೆಲ್ಲ ಚೆಲ್ಲಾಪಿಲ್ಲಿ ಆಗುತ್ತದೆ. ಕೊನೇ ವಾರದಲ್ಲಿ ಬದಲಾಯಿಸಲು ಹೋಗಿ ಒತ್ತಕ್ಷರ ಹಾಳಾದವರನ್ನು ನೋಡಿದ್ದೇನೆ.

## ಹಂತ 1: ಓದುವವರು ಯಾರು, ಓದಿದ ಮೇಲೆ ಅವರೇನು ಮಾಡಬೇಕು

ಏನನ್ನೂ ಬರೆಯುವ ಮೊದಲು ನೋಟ್‌ಬುಕ್ಕಿನಲ್ಲಿ ಎರಡು ಸಾಲು ಬರೆಯಿರಿ. ಇದನ್ನು ಓದುವವರು ಯಾರು? ಓದಿ ಮುಗಿಸಿದ ಮೇಲೆ ಅವರು ಏನು ತೀರ್ಮಾನ ಮಾಡಬೇಕು?

ಈ ಹಂತ ನನಗೆ ಅರ್ಥವಾದದ್ದು ತಾಲ್ಲೂಕು ಕಚೇರಿಯ ಹೊರಗೆ. ಪಹಣಿಯಲ್ಲಿ ಹೆಸರು ತಪ್ಪಾಗಿದೆ ಅಂತ ನಮ್ಮ ಚಿಕ್ಕಪ್ಪನ ಜೊತೆ ಹೋಗಿದ್ದೆ. ಅಲ್ಲಿ ಹೊಂಗೆ ಮರದ ಕೆಳಗೆ ಮೇಜು ಹಾಕಿಕೊಂಡು ಒಬ್ಬ ಹಿರಿಯರು ಅರ್ಜಿ ಬರೆದುಕೊಡುತ್ತಿದ್ದರು. ಚಿಕ್ಕಪ್ಪ ಅವರ ಮುಂದೆ ಕೂತು ತಾತನ ಕಾಲದಿಂದ ಶುರು ಮಾಡಿದರು. ಜಮೀನು ಹೇಗೆ ಬಂತು, ಯಾರು ಯಾರಿಗೆ ಭಾಗ ಕೊಟ್ಟರು, ಎಲ್ಲ. ಆ ಹಿರಿಯರು ಎರಡು ನಿಮಿಷ ಕೇಳಿದರು. ಆಮೇಲೆ ಪೆನ್ನಿನ ಮುಚ್ಚಳ ತೆಗೆದು, "ಅಣ್ಣ, ಸಾಹೇಬರು ಏನು ಮಾಡ್ಕೊಡ್ಬೇಕು ಅಂತ ಮೊದಲು ಹೇಳಿ. ಕತೆ ಆಮೇಲೆ" ಅಂದರು. ಚಿಕ್ಕಪ್ಪ ಹೇಳಿದ ಮೇಲೆ, 'ವಿಷಯ' ಅಂತ ಬರೆದು ಅದರ ಮುಂದೆ ಒಂದೇ ಸಾಲು ಬರೆದರು. ತಾತನ ಕತೆಯಲ್ಲಿ ಆ ಸಾಲಿಗೆ ಬೇಕಾದಷ್ಟು ಮಾತ್ರ ಕೆಳಗೆ ಬಂತು.

ಪ್ರಕಾರ ಸಿದ್ಧಾಂತದಲ್ಲಿ ಅಮೆರಿಕದ ವಿದ್ವಾಂಸೆ ಕ್ಯಾರೊಲಿನ್ ಮಿಲ್ಲರ್ ಅವರ 1984ರ ಲೇಖನವನ್ನು ಎಲ್ಲರೂ ನೆನೆಯುತ್ತಾರೆ. ಅವರು ಹೇಳುವುದೂ ಇದನ್ನೇ. ಬರಹದ ಪ್ರಕಾರವನ್ನು ಅದರ ಹೊರ ರೂಪದಿಂದ ಗುರುತಿಸಬೇಡಿ, ಅದು ಮಾಡುವ ಕೆಲಸದಿಂದ ಗುರುತಿಸಿ. ಒಂದೇ ಥರದ ಸಂದರ್ಭ ಮತ್ತೆ ಮತ್ತೆ ಬಂದಾಗ, ಜನ ಅದಕ್ಕೆ ಒಂದೇ ಥರದಲ್ಲಿ ಉತ್ತರ ಕೊಡುತ್ತಾ ಬರುತ್ತಾರೆ. ಹಾಗೆ ಕೊಡುತ್ತಾ ಕೊಡುತ್ತಾ ಒಂದು ಪ್ರಕಾರ ಗಟ್ಟಿಯಾಗುತ್ತದೆ. ಅರ್ಜಿ, ಲಗ್ನಪತ್ರಿಕೆ, ರಜೆ ಚೀಟಿ ಎಲ್ಲವೂ ಹಾಗೆ ಆದವು. ಸಂಶೋಧನಾ ಲೇಖನವೂ ಹಾಗೇ ಆಯಿತು.

ಈಗ ನಿಮ್ಮ ಕೈಲಿರುವುದು ಯಾವುದು ಅಂತ ನೋಡಿ. ಸಾರಲೇಖ ಅಂದರೆ ಸಿನಾಪ್ಸಿಸ್ ಆದರೆ, ಸಮಿತಿ ಓದುತ್ತದೆ. 'ಇವರ ಕೈಲಿ ಈ ಕೆಲಸ ಆಗುತ್ತದೆ' ಅಂತ ಅವರು ಒಪ್ಪಬೇಕು. ಅಲ್ಲಿ ಕ್ರಿಯಾಪದ ಭವಿಷ್ಯದಲ್ಲಿ ಇರುತ್ತದೆ, ಯೋಜನೆ ಮುಖ್ಯ. ಪತ್ರಿಕೆಗೆ ಕಳಿಸುವ ಲೇಖನವಾದರೆ, ಅದೇ ಕ್ಷೇತ್ರದ ಇನ್ನೊಬ್ಬ ವಿದ್ವಾಂಸರು ಓದುತ್ತಾರೆ. 'ಇದರಲ್ಲಿ ಹೊಸದು ಇದೆ' ಅಂತ ಅವರಿಗೆ ಅನ್ನಿಸಬೇಕು. ಸೆಮಿನಾರ್ ಪ್ರಬಂಧವಾದರೆ, ಎದುರಿಗೆ ಕೂತು ಕೇಳುವವರಿದ್ದಾರೆ. ನಿಮಗಿರುವುದು ಹತ್ತು ನಿಮಿಷ. ಸಿನಾಪ್ಸಿಸ್‌ನಿಂದ ಎತ್ತಿ ಲೇಖನಕ್ಕೆ ಅಂಟಿಸಿದ ಪೀಠಿಕೆ ದೂರದಿಂದಲೇ ಗೊತ್ತಾಗುತ್ತದೆ. ಕೆಲಸ ಮುಗಿದ ಮೇಲೂ 'ಅಧ್ಯಯನ ಮಾಡಲಾಗುವುದು' ಅಂತ ಬರೆದಿರುತ್ತಾರೆ.

ಎಚ್ಚರಿಕೆ: ಎರಡನೇ ಪ್ರಶ್ನೆಗೆ 'ಓದುಗರಿಗೆ ಮಾಹಿತಿ ಸಿಗಬೇಕು' ಅಂತ ಬರೆದಿದ್ದರೆ ಅದನ್ನು ಹೊಡೆದುಹಾಕಿ. ಅದು ಯಾವ ಬರಹಕ್ಕೂ ಒಪ್ಪುವ ಉತ್ತರ. ಅದರಿಂದ ಮುಂದಿನ ಹಂತ ಹುಟ್ಟುವುದಿಲ್ಲ.

## ಹಂತ 2: ಮಾದರಿ ಆರಿಸುವುದು

ನೀವು ಕಳಿಸಬೇಕೆಂದಿರುವ ಪತ್ರಿಕೆಯಿಂದಲೇ ಮೂರು ಲೇಖನ ತೆಗೆದುಕೊಳ್ಳಿ. ಇನ್ನೆರಡು ನಿಮ್ಮ ವಿಷಯಕ್ಕೆ ಹತ್ತಿರ ಇರಲಿ, ಬೇರೆ ಪತ್ರಿಕೆಯದ್ದಾದರೂ ಪರವಾಗಿಲ್ಲ. ಎಲ್ಲವೂ ಈಚಿನ ಕೆಲವು ವರ್ಷಗಳಲ್ಲಿ ಬಂದಿರಬೇಕು.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಎರಡು. ಮೊದಲನೆಯದು, ಸೀನಿಯರ್ ಒಬ್ಬರ ಮಹಾಪ್ರಬಂಧವೊಂದನ್ನೇ ಮುಂದಿಟ್ಟುಕೊಂಡು ಬರೆಯುವುದು. ಮಾದರಿ ಒಂದೇ ಇದ್ದಾಗ ಯಾವುದು ಪ್ರಕಾರದ ರೂಢಿ, ಯಾವುದು ಆ ವ್ಯಕ್ತಿಯ ಅಭ್ಯಾಸ ಅಂತ ಬೇರೆ ಮಾಡಲು ಆಗುವುದಿಲ್ಲ. ಎರಡನೆಯದು, ನಾವು ತುಂಬಾ ಇಷ್ಟಪಡುವ ದೊಡ್ಡ ವಿಮರ್ಶಕರ ಬರಹವನ್ನು ಮಾದರಿ ಮಾಡಿಕೊಳ್ಳುವುದು. ಅವರು ಸಾಹಿತ್ಯ ಓದುಗರಿಗಾಗಿ ಬರೆದಿರುತ್ತಾರೆ. ಅವರ ಮಾತಿನ ತೂಕ ಅವರ ಹೆಸರಿನಿಂದಲೇ ಬರುತ್ತದೆ. ನಾವು ಹೊಸಬರು. ನಮ್ಮ ಮಾತಿನ ತೂಕ ನಾವು ಕೊಡುವ ಕಾರಣದಿಂದ ಬರಬೇಕು.

## ಹಂತ 3: ಬಣ್ಣ ಹಚ್ಚಿ ಓದುವುದು

ಇದಕ್ಕೆ ಎರಡು ದಿನ ಕೊಡಿ. ಅವಸರ ಮಾಡಬೇಡಿ.

ಜಾನ್ ಸ್ವೇಲ್ಸ್ ಅನ್ನುವ ಭಾಷಾವಿಜ್ಞಾನಿ ಇಂಗ್ಲಿಷ್ ಸಂಶೋಧನಾ ಲೇಖನಗಳ ಪೀಠಿಕೆಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರು. 1981ರಲ್ಲಿ ಅವರು ಪೀಠಿಕೆಯಲ್ಲಿ ನಾಲ್ಕು ನಡೆ ಇವೆ ಅಂದಿದ್ದರು. 1990ರಲ್ಲಿ ಅದನ್ನು ಮೂರಕ್ಕೆ ಇಳಿಸಿದರು. 'ನಡೆ' ಅಂದರೆ ಚದುರಂಗದ ನಡೆ ಇದ್ದಂತೆ, ಒಂದೊಂದರಿಂದ ಒಂದು ಕೆಲಸ ಆಗುತ್ತದೆ. ಒಂದು ನಡೆಗೆ ಒಂದೇ ವಾಕ್ಯ ಸಾಕಾಗಬಹುದು, ಎರಡು ಪುಟವೂ ಬೇಕಾಗಬಹುದು.

ಹಸಿರು ನಡೆ: ನಾವು ಯಾವ ಹೊಲದಲ್ಲಿ ನಿಂತು ಮಾತಾಡುತ್ತಿದ್ದೇವೆ ಅಂತ ತೋರಿಸುವುದು. ಈ ವಿಷಯದಲ್ಲಿ ಏನು ಗೊತ್ತಿದೆ, ಯಾರು ಕೆಲಸ ಮಾಡಿದ್ದಾರೆ ಅನ್ನೋದು ಇದರಲ್ಲಿ ಬರುತ್ತದೆ.

ಕೆಂಪು ನಡೆ: ಆ ಹೊಲದಲ್ಲಿ ಉಳುಮೆ ಆಗದೆ ಉಳಿದಿರುವ ತುಂಡು ಯಾವುದು ಅಂತ ತೋರಿಸುವುದು. 'ಆದರೆ', 'ಆದಾಗ್ಯೂ', 'ಇನ್ನೂ' ಅನ್ನುವ ಪದಗಳ ಅಕ್ಕಪಕ್ಕ ಹುಡುಕಿ, ಸಿಗುತ್ತದೆ.

ನೀಲಿ ನಡೆ: ಆ ತುಂಡಿನಲ್ಲಿ ನಾನು ಏನು ಮಾಡಿದ್ದೇನೆ ಅಂತ ಹೇಳುವುದು. 'ಈ ಲೇಖನ', 'ಪ್ರಸ್ತುತ ಅಧ್ಯಯನ' ಅಂತ ಶುರುವಾಗುವ ವಾಕ್ಯಗಳು.

ಈಗ ಐದೂ ಪೀಠಿಕೆಗಳ ಪ್ರತಿ ವಾಕ್ಯಕ್ಕೆ ಬಣ್ಣ ಹಚ್ಚಿ. ಪ್ಯಾರಾ ನೋಡಿ ಒಟ್ಟಿಗೆ ಹಚ್ಚಬೇಡಿ, ವಾಕ್ಯ ವಾಕ್ಯ ನೋಡಿ. ಆಮೇಲೆ ಎಣಿಸಿ. ಹಸಿರು ಎಷ್ಟು, ಕೆಂಪು ಎಷ್ಟು, ನೀಲಿ ಎಷ್ಟು? ಯಾವ ಕ್ರಮದಲ್ಲಿ ಬಂದಿವೆ? ಕೆಲವು ಲೇಖನಗಳಲ್ಲಿ ಹಸಿರು-ಕೆಂಪು, ಹಸಿರು-ಕೆಂಪು ಅಂತ ಎರಡು ಮೂರು ಸಲ ಸುತ್ತು ಬಂದು ಕೊನೆಗೆ ನೀಲಿ ಬರುತ್ತದೆ. ಅದನ್ನೂ ಬರೆದುಕೊಳ್ಳಿ.

ಇಲ್ಲಿ ಒಂದು ವಿಷಯ ಗಟ್ಟಿಯಾಗಿ ಹೇಳಬೇಕು. ಈ ಮೂರು ನಡೆ ಸಿಕ್ಕಿದ್ದು ಇಂಗ್ಲಿಷ್ ಲೇಖನಗಳಲ್ಲಿ. ಕನ್ನಡದಲ್ಲಿ ಎಲ್ಲವೂ ಹೀಗೇ ಇರಬೇಕು ಅಂತ ಏನಿಲ್ಲ. ನಾನು ಬಣ್ಣ ಹಚ್ಚಿದ ಕನ್ನಡ ಪೀಠಿಕೆಗಳಲ್ಲಿ ಯಾವ ಬಣ್ಣಕ್ಕೂ ಸೇರದ ಎರಡು ಥರದ ವಾಕ್ಯಗಳು ಸಿಕ್ಕವು. ಒಂದು, ಪದದ ಮೂಲ ಬಿಡಿಸುವುದು: ಈ ಪದ ಸಂಸ್ಕೃತದ ಯಾವ ಧಾತುವಿನಿಂದ ಬಂತು ಇತ್ಯಾದಿ. ಇನ್ನೊಂದು, ಹಿಂದಿನ ವಿದ್ವಾಂಸರನ್ನು ಗೌರವದಿಂದ ನೆನೆಯುವುದು. ಇವುಗಳಿಗೆ ನಾಲ್ಕನೇ ಬಣ್ಣ ಕೊಡಿ. ಆಮೇಲೆ ಕೇಳಿಕೊಳ್ಳಿ: ಐದರಲ್ಲಿ ಎಷ್ಟು ಲೇಖನಗಳಲ್ಲಿ ಇವೆ? ನಾಲ್ಕರಲ್ಲಿ ಇದ್ದರೆ ಅದು ನಿಮ್ಮ ಕ್ಷೇತ್ರದ ರೂಢಿ, ನೀವೂ ಚಿಕ್ಕದಾಗಿ ಮಾಡಿ. ಒಂದರಲ್ಲಿ ಮಾತ್ರ ಇದ್ದರೆ ಬಿಟ್ಟುಬಿಡಿ.

ಕೊನೆಗೆ ನಿಮ್ಮ ವಾಪಸ್ ಬಂದ ಪ್ರತಿಗೂ ಬಣ್ಣ ಹಚ್ಚಿ. ನನ್ನ ನಾಲ್ಕು ಪುಟದ ಪೀಠಿಕೆಯಲ್ಲಿ ನೀಲಿ ಎರಡು ವಾಕ್ಯ ಇತ್ತು, ಕೊನೇ ಪುಟದ ಕೊನೆಗೆ. ಕೆಂಪು ಒಂದೂ ಇರಲಿಲ್ಲ. ಮೇಡಂ ಬರೆದ ಆರು 'ಯಾಕೆ'ಗಳ ಅರ್ಥ ಅವತ್ತು ಸಂಜೆ ಗೊತ್ತಾಯಿತು.

## ಹಂತ 4: ನೀಲಿಯಿಂದ ಶುರು ಮಾಡುವುದು

ಓದುಗರು ಓದುವ ಕ್ರಮ ಹಸಿರು, ಕೆಂಪು, ನೀಲಿ. ನೀವು ಬರೆಯುವ ಕ್ರಮ ಅದಕ್ಕೆ ತಿರುಗಾಮುರುಗ ಇರಲಿ. ಮೊದಲು ನೀಲಿ ಬರೆಯಿರಿ. ಹಸಿರಿನಿಂದ ಶುರು ಮಾಡಿದರೆ ಹೊಲಕ್ಕೆ ಬೇಲಿಯೇ ಇರುವುದಿಲ್ಲ, ಬರೆದಷ್ಟೂ ಬರೆಯುತ್ತಲೇ ಇರುತ್ತೀರಿ.

ಒಂದೇ ವಾಕ್ಯದಲ್ಲಿ ಬರೆಯಿರಿ. ಅದರಲ್ಲಿ ಮೂರು ಸಂಗತಿ ಇರಲೇಬೇಕು: ಏನನ್ನು ನೋಡಿದಿರಿ, ಎಲ್ಲಿ ನೋಡಿದಿರಿ, ಏನು ತೋರಿಸುತ್ತೀರಿ.

ನನ್ನ ಮೊದಲ ಪ್ರಯತ್ನ ಹೀಗಿತ್ತು: 'ಈ ಲೇಖನವು ರೇಷ್ಮೆ ಕೃಷಿಗೆ ಸಂಬಂಧಿಸಿದ ಪದಗಳನ್ನು ಅಧ್ಯಯನ ಮಾಡುತ್ತದೆ.' ಇದರಲ್ಲಿ ಮೂರನೆಯದು ಇಲ್ಲ. ಅಧ್ಯಯನ ಮಾಡಿ ಏನು ಕಂಡಿತು?

ತಿದ್ದಿದ ಮೇಲೆ: 'ಶಿಡ್ಲಘಟ್ಟ ತಾಲ್ಲೂಕಿನ ಬೆಳೆಗಾರರು ಹುಳುವಿನ ಬೆಳವಣಿಗೆಯ ಹಂತಗಳಿಗೆ ಮನುಷ್ಯರ ದೇಹದ ಪದಗಳನ್ನು ಬಳಸುತ್ತಾರೆ ಮತ್ತು ಆ ಪದಗಳೇ ಹುಳುವನ್ನು ಹೇಗೆ ನೋಡಿಕೊಳ್ಳಬೇಕು ಎಂಬುದನ್ನು ಹೊಸಬರಿಗೆ ಕಲಿಸುತ್ತವೆ ಎಂದು ಈ ಲೇಖನ ತೋರಿಸುತ್ತದೆ.' ವಾಕ್ಯ ಉದ್ದ ಆಯಿತು, ನಿಜ. ಆದರೆ ಇದನ್ನು ಓದಿ 'ಹೌದಾ? ಹೇಗೆ?' ಅಂತ ಯಾರಾದರೂ ಕೇಳಬಹುದು. ಮೊದಲನೆಯದನ್ನು ಓದಿ ಕೇಳಲು ಏನೂ ಇರಲಿಲ್ಲ.

ಎಚ್ಚರಿಕೆ: ನಿಮ್ಮ ನೀಲಿ ವಾಕ್ಯದಲ್ಲಿ 'ಪರಿಚಯಿಸುತ್ತದೆ', 'ಬೆಳಕು ಚೆಲ್ಲುತ್ತದೆ', 'ಅವಲೋಕಿಸುತ್ತದೆ' ಇದ್ದರೆ ನಿಲ್ಲಿಸಿ. ಆ ಕ್ರಿಯಾಪದ ತೆಗೆದು 'ಎಂದು ತೋರಿಸುತ್ತದೆ' ಅಂತ ಹಾಕಿ ನೋಡಿ. 'ಎಂದು' ಪದದ ಹಿಂದೆ ಬರೆಯಲು ಏನೂ ಸಿಗದಿದ್ದರೆ ವಿಶ್ಲೇಷಣೆ ಇನ್ನೂ ಮುಗಿದಿಲ್ಲ ಅಂತ ಅರ್ಥ. ಪೀಠಿಕೆ ಬದಿಗಿಟ್ಟು ಟಿಪ್ಪಣಿ ಪುಸ್ತಕಕ್ಕೆ ವಾಪಸ್ ಹೋಗಿ. ಇದು ತಡ ಆದಂತೆ ಅನ್ನಿಸುತ್ತದೆ, ಆದರೆ ತಿಂಗಳುಗಟ್ಟಲೆ ಸಮಯ ಉಳಿಯುತ್ತದೆ.

## ಹಂತ 5: ಕೆಂಪು ನಡೆ

ಜಾಸ್ತಿ ಜನ ಸೋಲುವುದು ಇಲ್ಲೇ. ಹಾಗಾಗಿ ನಿಧಾನವಾಗಿ ಓದಿ.

ನಮ್ಮಲ್ಲಿ ಕೆಂಪು ನಡೆಗೆ ಒಂದು ಸಿದ್ಧ ವಾಕ್ಯ ಇದೆ: 'ಈ ವಿಷಯದ ಕುರಿತು ಇದುವರೆಗೆ ಯಾರೂ ಸಂಶೋಧನೆ ಕೈಗೊಂಡಿಲ್ಲ.' ಇದರಲ್ಲಿ ಎರಡು ಅಪಾಯ. ಒಂದು, ಇದು ಸುಳ್ಳಾಗಿರಬಹುದು. ಓದುವವರಿಗೆ ಒಂದೇ ಒಂದು ಹಳೆಯ ಲೇಖನ ನೆನಪಾದರೂ ನಿಮ್ಮ ಮೇಲಿನ ನಂಬಿಕೆ ಹೋಯಿತು. ಎರಡು, ನಿಜವಾಗಿದ್ದರೂ ಸಾಲದು. ಯಾರೂ ಮಾಡದೆ ಬಿಟ್ಟ ಕೆಲಸ ಎಷ್ಟೋ ಇವೆ. ಇದನ್ನು ಮಾಡದೆ ಬಿಟ್ಟದ್ದರಿಂದ ನಮಗೆ ಏನು ತಿಳಿಯದೆ ಉಳಿಯಿತು ಅಂತ ಹೇಳಬೇಕು.

ಸ್ವೇಲ್ಸ್ ಅವರು ಈ ನಡೆಗೆ ನಾಲ್ಕು ದಾರಿ ಗುರುತಿಸಿದ್ದಾರೆ. ಹಿಂದಿನವರ ಮಾತನ್ನು ಒಪ್ಪದೆ ಎದುರು ನಿಲ್ಲುವುದು. ಬಿಟ್ಟುಹೋದದ್ದನ್ನು ತೋರಿಸುವುದು. ಒಂದು ಪ್ರಶ್ನೆ ಎತ್ತುವುದು. ಹಿಂದಿನವರ ಕೆಲಸವನ್ನೇ ಮುಂದಕ್ಕೆ ಒಯ್ಯುವುದು. ನಾವು ಎರಡನೆಯದನ್ನು ಮಾತ್ರ ಬಳಸುತ್ತೇವೆ. ಹೊಸಬರಿಗೆ ಮೂರನೆಯದೇ ಸಲೀಸು ಅಂತ ನನ್ನ ಅನುಭವ. ಪ್ರಶ್ನೆ ಎತ್ತಲು ಯಾರನ್ನೂ ಕಡಿಮೆ ಮಾಡಬೇಕಿಲ್ಲ. ಪ್ರಶ್ನೆಗಳು ಹೇಗೂ ಕ್ಷೇತ್ರಕಾರ್ಯದ ಪುಸ್ತಕದಲ್ಲೇ ಇರುತ್ತವೆ.

ನನ್ನ ಪ್ರಶ್ನೆ ಸಿಕ್ಕಿದ್ದು ನಮ್ಮ ಅತ್ತೆಯ ಹುಳು ಮನೆಯಲ್ಲಿ. ಬೆಳಗ್ಗೆ ಸೊಪ್ಪು ಹಿಡಿದು ಒಳಗೆ ಹೋದೆ. ಅತ್ತೆ ಬಾಗಿಲಲ್ಲೇ ತಡೆದರು. "ಬೇಡ ಕಣೇ, ಹುಳು ಜ್ವರಕ್ಕೆ ಕೂತವೆ. ಎದ್ದ ಮೇಲೆ ಹಾಕೋಣ" ಅಂದರು. ಬಗ್ಗಿ ನೋಡಿದೆ. ತಟ್ಟೆಯಲ್ಲಿ ಹುಳುಗಳು ತಲೆ ಎತ್ತಿಕೊಂಡು ಅಲ್ಲಾಡದೆ ಕೂತಿದ್ದವು. ಹಿಂದಿನ ದಿನದ ಸೊಪ್ಪು ಬಾಡಿತ್ತು. ರೇಷ್ಮೆ ಹುಳು ಗೂಡು ಕಟ್ಟುವ ಮೊದಲು ನಾಲ್ಕು ಸಲ ಪೊರೆ ಬಿಡುತ್ತದೆ. ಆ ಹೊತ್ತಿನಲ್ಲಿ ಸೊಪ್ಪು ಮುಟ್ಟುವುದಿಲ್ಲ. ನಮ್ಮ ಕಡೆ ಅದಕ್ಕೆ ಜ್ವರ ಅಂತಲೇ ಹೆಸರು: ಒಂದನೇ ಜ್ವರ, ಎರಡನೇ ಜ್ವರ. ನಾನು ಹುಟ್ಟಿದಾಗಿನಿಂದ ಕೇಳಿದ ಪದ. ಆದರೆ ಕಾಯಿಲೆಯ ಪದವನ್ನು ಬೆಳವಣಿಗೆಗೆ ಯಾಕೆ ಇಟ್ಟರು ಅನ್ನುವ ಪ್ರಶ್ನೆ ಅವತ್ತು ಹುಟ್ಟಿತು. ಜ್ವರ ಬಂದವರನ್ನು ನಾವು ಹೇಗೆ ನೋಡಿಕೊಳ್ಳುತ್ತೇವೆ? ಊಟಕ್ಕೆ ಒತ್ತಾಯ ಮಾಡುವುದಿಲ್ಲ, ಅಲುಗಾಡಿಸುವುದಿಲ್ಲ, ಏಳುವವರೆಗೆ ಕಾಯುತ್ತೇವೆ. ಆ ಒಂದು ಪದ ನನ್ನ ಕೈಯನ್ನು ಬಾಗಿಲಲ್ಲೇ ತಡೆದಿತ್ತು. ಇದು ನನ್ನ ಕೆಂಪು ನಡೆಯಾಯಿತು.

ನಿಮ್ಮ ಪುಸ್ತಕದಲ್ಲೂ ಇಂಥ ಜಾಗ ಇರುತ್ತದೆ. ನಿಮಗೇ ಆಶ್ಚರ್ಯ ಆದ ಕಡೆ, ಇಬ್ಬರು ಬೇರೆ ಬೇರೆ ಉತ್ತರ ಕೊಟ್ಟ ಕಡೆ, ಪುಸ್ತಕದಲ್ಲಿ ಓದಿದ್ದಕ್ಕೂ ಕಣ್ಣಿಗೆ ಕಂಡದ್ದಕ್ಕೂ ತಾಳೆ ಆಗದ ಕಡೆ ಹುಡುಕಿ.

ಹಾಗಂತ ಹುಡುಕಾಟ ಬಿಡಬೇಡಿ. ನಮ್ಮ ಜಿಲ್ಲೆಗಳಲ್ಲಿ ಕೆಲಸ ಮಾಡುವವರು ಕನ್ನಡದಲ್ಲಿ ಮಾತ್ರ ಹುಡುಕಿ ನಿಲ್ಲಿಸುತ್ತಾರೆ. ಬಾಗೇಪಲ್ಲಿ, ಚಿಂತಾಮಣಿ, ಮುಳಬಾಗಿಲು, ಶ್ರೀನಿವಾಸಪುರದ ಮನೆಗಳಲ್ಲಿ ತೆಲುಗು ಎಷ್ಟು ಇದೆ ಅಂತ ನಮಗೇ ಗೊತ್ತು. ವೃತ್ತಿ ಪದಗಳ ಮೇಲೆ ತೆಲುಗಿನಲ್ಲಿ ದೊಡ್ಡ ಕೆಲಸ ಆಗಿದೆ. ಭಾಷಾವಿಜ್ಞಾನಿ ಭದ್ರಿರಾಜು ಕೃಷ್ಣಮೂರ್ತಿ ಅವರ ವೃತ್ತಿ ಪದಕೋಶದ ಮೊದಲ ಸಂಪುಟ 1962ರಲ್ಲೇ ಬಂತು, ಅದು ಬೇಸಾಯದ ಪದಗಳದ್ದು. ಅದನ್ನು ನೋಡದೆ 'ಯಾರೂ ಮಾಡಿಲ್ಲ' ಅಂತ ನಾನು ಮೊದಲ ಪ್ರತಿಯಲ್ಲಿ ಬರೆದಿದ್ದೆ. ತೆಲುಗು ಓದಲು ಬಾರದಿದ್ದರೆ ಓದಬಲ್ಲ ಗೆಳೆಯರ ಜೊತೆ ಒಂದು ಮಧ್ಯಾಹ್ನ ಕೂತುಕೊಳ್ಳಿ. ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ನಿಘಂಟನ್ನೂ ತೆಗೆದು ನೋಡಿ. ಹುಡುಕಿದ ಪ್ರತಿ ಜಾಗವನ್ನೂ ದಿನಾಂಕದ ಸಮೇತ ಬರೆದಿಡಿ. ಮೌಖಿಕ ಪರೀಕ್ಷೆಯಲ್ಲಿ 'ಎಲ್ಲೆಲ್ಲಿ ನೋಡಿದ್ರಿ?' ಅಂತ ಕೇಳಿದಾಗ ಆ ಪಟ್ಟಿ ಕೈಹಿಡಿಯುತ್ತದೆ.

## ಹಂತ 6: ಹಸಿರು ನಡೆ, ಮೊದಲ ವಾಕ್ಯ

ಈಗ ಕೆಂಪು ವಾಕ್ಯವನ್ನು ಕಣ್ಣೆದುರು ಇಟ್ಟುಕೊಂಡು ಹಿಂದಕ್ಕೆ ನಡೆಯಿರಿ. ಈ ಪ್ರಶ್ನೆ ಅರ್ಥವಾಗಲು ಓದುಗರಿಗೆ ಕನಿಷ್ಠ ಏನೇನು ಗೊತ್ತಿರಬೇಕು? ಅಷ್ಟನ್ನು ಮಾತ್ರ ಬರೆಯಿರಿ.

ನನ್ನ ಹಳೆಯ ಆರಂಭ: 'ಭಾರತವು ಹಳ್ಳಿಗಳ ದೇಶ. ಕೃಷಿಯೇ ದೇಶದ ಬೆನ್ನೆಲುಬು. ಅನಾದಿ ಕಾಲದಿಂದಲೂ ರೇಷ್ಮೆಗೆ ನಮ್ಮ ಸಂಸ್ಕೃತಿಯಲ್ಲಿ ವಿಶಿಷ್ಟ ಸ್ಥಾನವಿದೆ.' ಆಮೇಲೆ ಜಿಲ್ಲೆಯ ಭೌಗೋಳಿಕ ಹಿನ್ನೆಲೆ, ನಂದಿಬೆಟ್ಟ, ಮಳೆ, ಮಣ್ಣು, 2007ರಲ್ಲಿ ಕೋಲಾರದಿಂದ ಬೇರೆಯಾಗಿ ಹೊಸ ಜಿಲ್ಲೆ ಆದದ್ದು, ಎಲ್ಲ ಎರಡು ಪುಟ. ಒಂದೂ ಸುಳ್ಳಲ್ಲ. ಆದರೆ 'ಜ್ವರ' ಅನ್ನುವ ಪದ ಅರ್ಥವಾಗಲು ನಂದಿಬೆಟ್ಟ ಯಾಕೆ ಬೇಕು?

ಹೊಸ ಆರಂಭ: 'ರೇಷ್ಮೆ ಹುಳು ಗೂಡು ಕಟ್ಟುವ ಮೊದಲು ನಾಲ್ಕು ಬಾರಿ ಪೊರೆ ಬಿಡುತ್ತದೆ. ಶಿಡ್ಲಘಟ್ಟ ಸೀಮೆಯ ಬೆಳೆಗಾರರು ಇದನ್ನು ಜ್ವರ ಎನ್ನುತ್ತಾರೆ. ಗೂಡು ಕಟ್ಟಲು ಸಿದ್ಧವಾದ ಹುಳು ಅವರ ಮಾತಿನಲ್ಲಿ ಹಣ್ಣಾದ ಹುಳು.' ಮೂರೇ ವಾಕ್ಯದಲ್ಲಿ ಓದುಗರು ಹುಳು ಮನೆಯ ಒಳಗೆ ಬಂದರು.

ಜಿಲ್ಲೆಯ ಪರಿಚಯ ಬೇಕೇ ಬೇಕು ಅಂತ ಮಾರ್ಗದರ್ಶಕರು ಹೇಳಿದರೆ ವಾದ ಮಾಡಬೇಡಿ. ಮಹಾಪ್ರಬಂಧದಲ್ಲಿ ಅದಕ್ಕೆ ಬೇರೆ ಅಧ್ಯಾಯ ಇರುವುದು ನಮ್ಮ ಕಡೆಯ ರೂಢಿ. ಅಲ್ಲಿ ಇಡಿ. ಲೇಖನದಲ್ಲಿ ಕ್ಷೇತ್ರದ ಬಗ್ಗೆ ಒಂದು ಪ್ಯಾರಾ ಸಾಕು.

ಎಚ್ಚರಿಕೆ: ನಿಮ್ಮ ಮೊದಲ ವಾಕ್ಯವನ್ನು ಬೇರೆ ವಿಷಯದ ಲೇಖನಕ್ಕೆ ಅಂಟಿಸಿ ನೋಡಿ. ಮಾವಿನ ಮೇಲೆ ಬರೆಯುವವರೂ ಕೆರೆಗಳ ಮೇಲೆ ಬರೆಯುವವರೂ ಅದನ್ನೇ ಬಳಸಬಹುದು ಅಂತಾದರೆ ಅದನ್ನು ತೆಗೆಯಿರಿ.

## ಹಂತ 7: ಹಿಂದಿನವರ ಮಾತು ತರುವಾಗ

ಒಬ್ಬರ ಹೆಸರು, ಅವರ ಪುಸ್ತಕ, ಒಂದು ಸಾಲು. ಇನ್ನೊಬ್ಬರ ಹೆಸರು, ಪುಸ್ತಕ, ಒಂದು ಸಾಲು. ಹೀಗೆ ಹಾಜರಿ ಪುಸ್ತಕದ ಥರ ಬರೆಯುವುದು ಸಾಮಾನ್ಯ ತಪ್ಪು. ಹೆಸರಿನಿಂದ ಶುರು ಮಾಡದೆ ಸಂಗತಿಯಿಂದ ಶುರು ಮಾಡಿ. ಅದೇ ಸಂಗತಿ ಹೇಳಿದ ಇಬ್ಬರು ಮೂವರನ್ನು ಒಂದೇ ವಾಕ್ಯದಲ್ಲಿ ಕೂರಿಸಿ. ಒಪ್ಪದವರನ್ನು ಮುಂದಿನ ವಾಕ್ಯದಲ್ಲಿ ತನ್ನಿ.

ಕ್ರಿಯಾಪದದ ಮೇಲೆ ಗಮನ ಇರಲಿ. 'ತೋರಿಸಿದ್ದಾರೆ' ಅಂದರೆ ನೀವೂ ಅದನ್ನು ನಿಜ ಅಂತ ಒಪ್ಪಿದ ಹಾಗೆ. 'ಎನ್ನುತ್ತಾರೆ' ಅಂದರೆ ಸ್ವಲ್ಪ ದೂರ ನಿಂತ ಹಾಗೆ. 'ವಾದಿಸುತ್ತಾರೆ' ಅಂದರೆ ಮುಂದೆ ನೀವು ಏನೋ ಹೇಳುತ್ತೀರಿ ಅಂತ ಓದುಗರು ಕಾಯುತ್ತಾರೆ. ಎಲ್ಲರಿಗೂ 'ಅಭಿಪ್ರಾಯಪಟ್ಟಿದ್ದಾರೆ' ಅಂತ ಹಾಕಿದರೆ ನೀವು ಎಲ್ಲಿ ನಿಂತಿದ್ದೀರಿ ಅನ್ನೋದೇ ಕಾಣುವುದಿಲ್ಲ.

'ನಾನು' ಅಂತ ಬರೆಯಬಹುದಾ? ಇದಕ್ಕೆ ನಿಮ್ಮ ಐದು ಮಾದರಿಗಳೇ ಉತ್ತರ ಕೊಡುತ್ತವೆ. ಮೂರರಲ್ಲಿ ಇದ್ದರೆ ಬರೆಯಿರಿ. ಒಂದರಲ್ಲೂ ಇಲ್ಲದಿದ್ದರೆ 'ಈ ಲೇಖನ' ಅಂತ ಬಳಸಿ. ಎರಡೂ ಅಲ್ಲದೆ ಎಲ್ಲವನ್ನೂ 'ಮಾಡಲಾಗಿದೆ, ನೋಡಲಾಗಿದೆ, ಕಂಡುಕೊಳ್ಳಲಾಗಿದೆ' ಅಂತ ಮುಗಿಸಿದರೆ ಯಾರು ಮಾಡಿದ್ದು ಅಂತ ಗೊತ್ತಾಗುವುದಿಲ್ಲ. ನಿಮ್ಮ ಕೆಲಸವೂ ಹಿಂದಿನವರ ಕೆಲಸವೂ ಕಲಸಿಹೋಗುತ್ತದೆ.

ಮಾದರಿಯಿಂದ ನಡೆ ಕಲಿಯಬಹುದು, ವಾಕ್ಯ ಎತ್ತಬಾರದು. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2018ರ ನಿಯಮದ ಪ್ರಕಾರ ಬೇರೆ ಬರಹದ ಜೊತೆ ಹೋಲಿಕೆ ಶೇ. 10ರವರೆಗೆ ಇದ್ದರೆ ದಂಡನೆ ಇಲ್ಲ. ಶೇ. 10ರಿಂದ 40ರ ನಡುವೆ ಇದ್ದರೆ ಮಹಾಪ್ರಬಂಧವನ್ನು ಆರು ತಿಂಗಳೊಳಗೆ ತಿದ್ದಿ ಮತ್ತೆ ಕೊಡಬೇಕು. ಶೇ. 40ರಿಂದ 60 ಆದರೆ ಒಂದು ವರ್ಷ ತಿದ್ದಿದ ಪ್ರತಿ ಕೊಡಲು ಬಿಡುವುದಿಲ್ಲ. ಅದಕ್ಕೂ ಮೇಲಾದರೆ ನೋಂದಣಿಯೇ ರದ್ದಾಗುತ್ತದೆ. ಸರಿಯಾಗಿ ಹೆಸರು ಹೇಳಿ ಉದ್ಧರಿಸಿದ ಭಾಗವನ್ನು ಈ ಲೆಕ್ಕಕ್ಕೆ ಸೇರಿಸುವುದಿಲ್ಲ. ಜಿಲ್ಲೆಯ ಇತಿಹಾಸ ಅಂತ ಗೆಜೆಟಿಯರ್‌ನಿಂದ ಪುಟಗಟ್ಟಲೆ ಇಳಿಸುವವರು ಸಿಕ್ಕಿಬೀಳುವುದು ಇಲ್ಲೇ.

## ಹಂತ 8: ಬೇರೆಯವರ ಕೈಲಿ ಬಣ್ಣ ಹಚ್ಚಿಸುವುದು

ನಿಮ್ಮ ಹೆಸರು ಮುಚ್ಚಿ, ಪೀಠಿಕೆಯ ಪ್ರಿಂಟನ್ನೂ ಮೂರು ಪೆನ್ಸಿಲ್‌ಗಳನ್ನೂ ಒಬ್ಬ ಗೆಳೆಯರಿಗೋ ಗೆಳತಿಗೋ ಕೊಡಿ. ಅವರು ನಿಮ್ಮ ವಿಷಯದವರಾಗಿರಬಾರದು. ಯಾವ ಬಣ್ಣ ಯಾವ ನಡೆಗೆ ಅಂತ ಮಾತ್ರ ಹೇಳಿ. ನನ್ನದಕ್ಕೆ ಬಣ್ಣ ಹಚ್ಚಿದ್ದು ಅರ್ಥಶಾಸ್ತ್ರ ಓದುವ ರೂಮ್‌ಮೇಟ್. ಪಕ್ಕದಲ್ಲಿ ಕೂತು ವಿವರಿಸಬೇಡಿ, ಎದ್ದು ಟೀ ಕುಡಿಯಲು ಹೋಗಿ.

ವಾಪಸ್ ಬಂದ ಮೇಲೆ ಎರಡು ನೋಡಿ. ಅವರು ಹಚ್ಚಿದ ಬಣ್ಣ ನೀವು ಅಂದುಕೊಂಡಿದ್ದಕ್ಕೆ ತಾಳೆ ಆಗುತ್ತದಾ? ಬಣ್ಣ ಹಚ್ಚಲು ಗೊತ್ತಾಗದೆ ಬಿಟ್ಟ ವಾಕ್ಯ ಯಾವುದು? ಬಿಟ್ಟ ವಾಕ್ಯಗಳನ್ನು ಸುಮ್ನೆ ಹೊಡೆದುಹಾಕಿ, ಎಷ್ಟೇ ಚೆನ್ನಾಗಿದ್ದರೂ. ಕೆಂಪು ಅಂತ ನೀವು ಬರೆದದ್ದಕ್ಕೆ ಅವರು ಹಸಿರು ಹಚ್ಚಿದ್ದರೆ, ಹಿಂದಿನವರ ಕೆಲಸ ಎಲ್ಲಿಗೆ ನಿಂತಿತು ಅನ್ನೋದು ಸ್ಪಷ್ಟವಾಗಿ ಬಂದಿಲ್ಲ. 'ಆದರೆ' ಅನ್ನುವ ಪದ ಎಲ್ಲೋ ಮಧ್ಯದಲ್ಲಿ ಹೂತುಹೋಗಿರುತ್ತದೆ. ಅದನ್ನು ವಾಕ್ಯದ ಮೊದಲಿಗೆ ತನ್ನಿ. ಬಹಳ ಸಲ ಅಷ್ಟರಲ್ಲೇ ಸರಿಹೋಗುತ್ತದೆ.

ಕೊನೆಗೆ ಒಂದು ಸಲ ಗಟ್ಟಿಯಾಗಿ ಓದಿ. ಉಸಿರು ಕಟ್ಟಿದ ಕಡೆ ವಾಕ್ಯ ಮುರಿಯಿರಿ. ಆಮೇಲೆ ಹಂತ 1ರಲ್ಲಿ ಬರೆದ ಎರಡು ಸಾಲು ತೆಗೆದು ಪಕ್ಕದಲ್ಲಿಟ್ಟುಕೊಳ್ಳಿ. ಅಲ್ಲಿ ಬರೆದ ಓದುಗರು ಈ ಪೀಠಿಕೆ ಓದಿ ಅಲ್ಲಿ ಬರೆದ ತೀರ್ಮಾನಕ್ಕೆ ಬರುತ್ತಾರಾ ಅಂತ ನೋಡಿ.

## ಮತ್ತೆ ವಾಪಸ್ ಬಂದರೆ

ಬರಬಹುದು. ನನ್ನದು ಇಷ್ಟೆಲ್ಲ ಆದ ಮೇಲೂ ಒಂದು ಸಲ ಬಂತು. ಆದರೆ ಆ ಸಲ ಅಂಚಿನಲ್ಲಿ ಇದ್ದ ಮಾತು ಬೇರೆ: "ಜ್ವರ ಸರಿ. 'ಹಣ್ಣು' ಮನುಷ್ಯರ ದೇಹದ ಪದ ಹೇಗಾಯ್ತು?" ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ನೀಲಿ ವಾಕ್ಯವನ್ನೇ ತಿದ್ದಬೇಕಾಯಿತು.

'ಇನ್ನೊಂದ್ಸಲ ಬರೀರಿ' ಅಂತ ಮಾತ್ರ ಹೇಳಿ ಕೊಟ್ಟರೆ, ಬಣ್ಣ ಹಚ್ಚಿದ ಪ್ರತಿ ತೆಗೆದುಕೊಂಡು ಹೋಗಿ ಹೀಗೆ ಕೇಳಿ: "ಮೇಡಂ, ಇಲ್ಲಿ ಕೊರತೆ ತೋರಿಸಿದ್ದೀನಿ ಅಂದ್ಕೊಂಡಿದ್ದೆ. ನಿಮಗೆ ಅದು ಸಾಕಾಗ್ತಿಲ್ವಾ, ಇಲ್ಲಾ ಕಾಣಿಸ್ತಾನೇ ಇಲ್ವಾ?" ಎರಡರಲ್ಲಿ ಒಂದು ಉತ್ತರ ಖಂಡಿತ ಬರುತ್ತದೆ. ಸಾಕಾಗುತ್ತಿಲ್ಲ ಅಂದರೆ ಹಂತ 5ಕ್ಕೆ ಹೋಗಿ. ಕಾಣಿಸುತ್ತಿಲ್ಲ ಅಂದರೆ ಹಂತ 8 ಮತ್ತೆ ಮಾಡಿ. ಹಳೆಯ ಪ್ರತಿಗಳನ್ನು ಎಸೆಯಬೇಡಿ. ದಿನಾಂಕ ಹಾಕಿ ಒಂದೇ ಫೈಲಿನಲ್ಲಿ ಇಡಿ. ಮುಂದಿನ ವರ್ಷ ಸೇರುವ ಜೂನಿಯರ್‌ಗೆ ಐದು ಅಚ್ಚಾದ ಲೇಖನಗಳ ಜೊತೆ ಆ ಫೈಲನ್ನೂ ಕೊಡಿ. ಅಚ್ಚಾದ ಲೇಖನದಲ್ಲಿ ತಿದ್ದಿದ ಗುರುತು ಕಾಣುವುದಿಲ್ಲ, ಅವರಿಗೆ ಬೇಕಾಗಿರುವುದು ಅದೇ.